ಅಟ್ಟದ ಕಟ್ಟು ಸ್ಕ್ಯಾನ್ ಆಯ್ತು, ಓದೋರು ಯಾರು?

ಸಾಗರ ಪೇಟೆಯಾಚೆ ಇರುವ ನಮ್ಮ ಹಳೇ ಮನೆಯ ಮಾಡಿಗೆ ಹೋದ ವರ್ಷ ಹೊಸ ಪಕಾಸಿ ಹಾಕಿಸಿದೆವು. ಹೆಂಚು ಇಳಿಸುವಾಗ ಅಟ್ಟದ ಮೂಲೆಯಲ್ಲಿ ಒಂದು ಕಟ್ಟು ಸಿಕ್ಕಿತು. ಮೇಲೆ ಅಡಿಕೆ ಹಾಳೆ, ಅದರೊಳಗೆ ಕೆಂಪು ವಸ್ತ್ರ. ಅಡುಗೆಮನೆ ಹೊಗೆ ಕುಡಿದು ಕುಡಿದು ಎಲ್ಲ ಕಪ್ಪಾಗಿತ್ತು. ಒರಲೆ ಮುಟ್ಟದೆ ಬಿಟ್ಟದ್ದು ಆ ಹೊಗೆಯಿಂದಲೇ ಇರಬೇಕು. ವಸ್ತ್ರ ಬಿಚ್ಚಿದರೆ ಇಪ್ಪತ್ತರಷ್ಟು ಓಲೆಗರಿ, ಮಡಚಿದ ಒಂದು ಕಡತ, ಹದಿನಾಲ್ಕು ಹಾಳೆ ಕಾಗದ.

ಮನೆಮಂದಿಯೆಲ್ಲ ಸುತ್ತ ಕೂತೆವು. ದೊಡ್ಡಪ್ಪನಿಗೆ ಧೂಳು ಕಂಡರೆ ಆಗದು. ನಾನು ಫೋನ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಒದ್ದೆ ಬಟ್ಟೆ ತಂದು ಕಡತದ ಎರಡು ಮಡಿಕೆ ಒರೆಸಿದ್ದರು. "ದೊಡ್ಡಪ್ಪ, ಬೇಡಿ ಬೇಡಿ" ಅಂತ ಕೂಗಿದೆ. ಧೂಳಿನ ಜೊತೆ ಅಕ್ಷರವೂ ಹೋಗಿತ್ತು. ಅವರದ್ದೇನೂ ತಪ್ಪಿಲ್ಲ. ಕಡತ ಇರುವುದೇ ಹಾಗೆ, ಒರೆಸಿ ಮತ್ತೆ ಬರೆಯಲಿಕ್ಕೆ.

ಕಡತ ಅಂದರೆ ಈಗ ಸರ್ಕಾರಿ ಕಚೇರಿಯ ಫೈಲು. ಮೊದಲು ಅದು ಬಟ್ಟೆ. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿಯುತ್ತಿದ್ದರು. ಒಣಗಿದ ಮೇಲೆ ಕತ್ತರಿಸದೆ ಬೀಸಣಿಗೆಯ ಹಾಗೆ ಮಡಚಿ, ಎರಡು ತುದಿಗೆ ಹಲಗೆ ಕೂರಿಸುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಬರಹ. ಮೈಸೂರಿನಲ್ಲಿ ಇಂಗ್ಲಿಷ್ ಕಂಪನಿಯ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ತನ್ನ ಚರಿತ್ರೆ ಪುಸ್ತಕದಲ್ಲಿ ಇದನ್ನು ಚೆನ್ನಾಗಿಯೇ ವಿವರಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದ ಎಂದು ಅಳತೆಯನ್ನೂ ಕೊಟ್ಟಿದ್ದಾನೆ. ಅಳತೆಯಲ್ಲಿ ಅವನನ್ನು ನಂಬಬಹುದು. ಬೇರೆ ಕೆಲವು ವಿಷಯದಲ್ಲಿ ನಂಬುವುದು ಕಷ್ಟ. ಆ ಮಾತು ಮುಂದೆ ಬರುತ್ತದೆ.

ಆ ಸಂಜೆ ತಂಗಿ ಮಗ ಓಲೆಗರಿಯೊಂದರ ಫೋಟೋ ತೆಗೆದು ಫೋನಿನಲ್ಲಿರುವ ಎಐಗೆ ಹಾಕಿದ. "ಮಾವ, ಇಲ್ನೋಡಿ, ಇದು ಶಿವಪ್ಪ ನಾಯಕನ ಭೂದಾನ ಪತ್ರ ಅಂತೆ" ಅಂದ. ಕೆಳದಿಯ ಅರಸನ ಪತ್ರ ಅಂದರೆ ಎಲ್ಲರಿಗೂ ಖುಷಿ. ನನಗೆ ಅನುಮಾನ. ಅದೇ ಫೋಟೋ ಇನ್ನೊಮ್ಮೆ ಹಾಕು ಎಂದೆ. ಈ ಸಲ ಅದು ದೇವಿ ಸ್ತೋತ್ರ ಆಯಿತು. ಮೂರನೇ ಸಲ ಮಲಯಾಳಂ ವೈದ್ಯ ಗ್ರಂಥ. ಮೂರು ಉತ್ತರವೂ ಒಳ್ಳೆಯ ಕನ್ನಡದಲ್ಲಿ, ಒಂದಿಷ್ಟೂ ತಡವರಿಸದೆ ಬಂದವು. ಗೊತ್ತಿಲ್ಲ ಅನ್ನುವ ಮಾತು ಒಂದರಲ್ಲೂ ಇರಲಿಲ್ಲ.

ಈ ಕಟ್ಟಿನ ಕತೆ ನಮ್ಮ ಮನೆಯದೊಂದೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಹಸ್ತಪ್ರತಿಗಳ ಬಗ್ಗೆ ಈಗ ದೇಶದಲ್ಲಿ ಜಾಸ್ತಿ ಮಾತು ಕೇಳಿಬರುತ್ತಿದೆ. ಕೇಂದ್ರ ಸರ್ಕಾರ 2025-26ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಮಿಷನ್ ಘೋಷಿಸಿತು. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಹುಡುಕಿ, ದಾಖಲಿಸಿ, ಕಾಪಾಡುವುದು ಗುರಿ. ಮಠ, ಗ್ರಂಥಾಲಯಗಳ ಜೊತೆಗೆ ಮನೆಗಳಲ್ಲಿ ಇರುವವೂ ಲೆಕ್ಕಕ್ಕೆ ಸೇರುತ್ತವೆ. ಇದಕ್ಕೂ ಮುಂಚೆ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಶುರುವಾಗಿತ್ತು. ದುಡ್ಡು ಬರಲಿ, ಕ್ಯಾಮೆರಾ ಬರಲಿ, ಬೇಡ ಅನ್ನುವವನು ನಾನಲ್ಲ. ಮಲೆನಾಡಿನ ಮಳೆಗೆ ಇನ್ನೊಂದು ಐವತ್ತು ವರ್ಷ ಬಿಟ್ಟರೆ ಓಲೆಯೂ ಇಲ್ಲ, ಕಾಗದವೂ ಇಲ್ಲ.

ಆದರೆ ಇಂಥ ಯೋಜನೆಯಲ್ಲಿ ಎಣಿಕೆ ಆಗುವುದು ಪುಟ. ಇಷ್ಟು ಲಕ್ಷ ಪುಟ ಸ್ಕ್ಯಾನ್ ಆಯಿತು ಎಂದು ವರದಿ ಬರೆಯಬಹುದು. ಎಷ್ಟು ಪುಟ ಓದಿದಿರಿ ಎಂದು ಯಾರೂ ಕೇಳುವುದಿಲ್ಲ. ಅಟ್ಟದ ಮೇಲೆ ಓದದೆ ಬಿದ್ದಿದ್ದ ಓಲೆ ಈಗ ಹಾರ್ಡ್ ಡಿಸ್ಕಿನಲ್ಲಿ ಓದದೆ ಬಿದ್ದಿರುತ್ತದೆ, ಅಷ್ಟೇ ವ್ಯತ್ಯಾಸ. ಒರಲೆ ಕಾಟ ಇಲ್ಲ ಅನ್ನುವುದು ದೊಡ್ಡ ಸಮಾಧಾನ, ನಿಜ.

ಓದುವುದು ಯಾಕೆ ಇಷ್ಟು ಕಷ್ಟ? ನಮ್ಮ ಕಟ್ಟನ್ನೇ ನೋಡಿ. ಓಲೆಗರಿಯಲ್ಲಿರುವುದು ತಿಗಳಾರಿ ಲಿಪಿ. ಭಾಷೆ ಸಂಸ್ಕೃತ. ಸಾಗರ, ಸಿದ್ದಾಪುರ, ಶಿರಸಿ ಕಡೆಯ ಹವ್ಯಕರ ಮನೆಗಳಲ್ಲಿ, ಕರಾವಳಿಯ ಮಠಗಳಲ್ಲಿ ವೇದ, ಶಾಸ್ತ್ರ, ಪ್ರಯೋಗ (ಪೂಜೆ, ಸಂಸ್ಕಾರ ಮಾಡಿಸುವ ಕ್ರಮ) ಎಲ್ಲವನ್ನೂ ಬರೆದಿಟ್ಟದ್ದು ಹೆಚ್ಚಾಗಿ ಈ ಲಿಪಿಯಲ್ಲಿ. ಇದೂ ಮಲಯಾಳಂ ಲಿಪಿಯೂ ಗ್ರಂಥ ಅನ್ನುವ ಹಳೆಯ ಲಿಪಿಯಿಂದ ಬಂದ ದಾಯಾದಿಗಳು. ಅದಕ್ಕೇ ನೋಡಿದವರೆಲ್ಲ "ಇದು ಮಲಯಾಳಂ" ಅಂದುಬಿಡುತ್ತಾರೆ. ಎಐ ಕೂಡ ಅದನ್ನೇ ಮಾಡಿತು.

ಕಾಗದದ ಹಾಳೆಗಳ ಕತೆ ಬೇರೆ. ಎರಡು ಹಾಳೆ ಮರಾಠಿ, ಮೋಡಿ ಲಿಪಿಯಲ್ಲಿ. ಹೈದರನ ಕಾಲದಿಂದ ಇಂಗ್ಲಿಷ್ ಕಮಿಷನರ್ ಆಳ್ವಿಕೆಯ ತನಕ ಈ ಸೀಮೆಯ ಲೆಕ್ಕಪತ್ರದಲ್ಲಿ ಮರಾಠಿ ಬಲ್ಲ ಗುಮಾಸ್ತರ ಕೈವಾಡ ಸಾಕಷ್ಟಿತ್ತು. ಉಳಿದ ಹನ್ನೆರಡು ಹಾಳೆ ಕನ್ನಡವೇ. ಆದರೆ ನಮಗೆ ನಿಮಗೆ ಗೊತ್ತಿರುವ ಕನ್ನಡ ಅಕ್ಷರ ಅಲ್ಲ. ಶಾನುಭೋಗರ ಕೂಡಕ್ಷರ. ಪೆನ್ನು ಎತ್ತದೆ ಬರೆದದ್ದು, ಅಲ್ಲ, ಲೇಖಣಿಕೆ ಎತ್ತದೆ. ಪದಕ್ಕೂ ಪದಕ್ಕೂ ನಡುವೆ ಜಾಗ ಇಲ್ಲ. ದೀರ್ಘ, ಒತ್ತು ಎಲ್ಲ ಬರೆದವನ ಮರ್ಜಿ. ಕಾಲು ಅರೆಗಳಿಗೆ ಅಂಕಿ ಇಲ್ಲ, ಅಡ್ಡ ಗೀಟು ಉದ್ದ ಗೀಟು. ನಮ್ಮಲ್ಲಿ ಅಕ್ಷರ ಕೆಟ್ಟದಾಗಿದ್ದರೆ 'ಮೋಡಿ ಅಕ್ಷರ' ಅಂತ ಬೈಯುವುದುಂಟಲ್ವಾ, ಆ ಬೈಗುಳ ಬಂದದ್ದು ಇಂಥ ಬರಹದಿಂದಲೇ ಇರಬೇಕು.

ಈ ಕೈಬರಹ ಓದುವವರು ಊರೂರಲ್ಲಿ ಇದ್ದರು. ಅವರೇ ಶಾನುಭೋಗರು. ಪರಂಪರೆಯ ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬಂತು. ಕಾಯ್ದೆ ಬಂದದ್ದು ಸರಿಯೇ. ಹುಟ್ಟಿನಿಂದ ಬರುವ ಅಧಿಕಾರ ಹೋಗಬೇಕಾದ್ದೇ. ಆದರೆ ಅದರ ಜೊತೆ ಅಪ್ಪ ಮಗನಿಗೆ ಕಲಿಸುತ್ತಿದ್ದ ಅಕ್ಷರವೂ ನಿಂತಿತು. ಕಲಿತು ಏನು ಮಾಡೋದು? ಆಗ ಇಪ್ಪತ್ತು ವರ್ಷದ ಹುಡುಗನಾಗಿದ್ದವನಿಗೆ ಈಗ ಎಂಬತ್ತು ದಾಟಿದೆ. ನಮ್ಮ ಸೀಮೆಯಲ್ಲಿ ಈ ಹಾಳೆಗಳನ್ನು ತಡೆಯಿಲ್ಲದೆ ಓದುವವರನ್ನು ಹುಡುಕಿ ನಾನು ಮೂರು ತಾಲೂಕು ಸುತ್ತಿದೆ. ಸಿಕ್ಕವರು ಇಬ್ಬರು. ಒಬ್ಬರಿಗೆ ಕಣ್ಣಿನ ಪೊರೆ ಆಪರೇಷನ್ ಆಗಬೇಕಿತ್ತು.

ಯಂತ್ರಕ್ಕೆ ಕಲಿಸಬಹುದಲ್ಲ ಅಂತ ನೀವು ಕೇಳಬಹುದು. ಕಲಿಸಬಹುದು. ಆದರೆ ಯಂತ್ರ ಕಲಿಯುವ ಬಗೆ ಹೇಗೆ? ಒಂದು ಕಡೆ ಹಾಳೆಯ ಚಿತ್ರ, ಇನ್ನೊಂದು ಕಡೆ ಅದರಲ್ಲಿ ಏನಿದೆ ಅನ್ನುವ ಸರಿಯಾದ ಓದು. ಇಂಥ ಜೋಡಿ ಸಾವಿರಗಟ್ಟಲೆ ಬೇಕು. ಅಚ್ಚಾದ ಕನ್ನಡ ಪುಸ್ತಕಕ್ಕೆ ಈ ಜೋಡಿ ಬೇಕಾದಷ್ಟಿದೆ, ಅದಕ್ಕೇ ಅಚ್ಚಿನ ಪುಟವನ್ನು ಯಂತ್ರ ಸುಮಾರಾಗಿ ಓದುತ್ತದೆ. ತಿಗಳಾರಿಗೆ ಎಲ್ಲಿದೆ? ಕಂಪ್ಯೂಟರಿನಲ್ಲಿ ಒಂದು ಅಕ್ಷರ ಉಳಿಯಬೇಕಾದರೆ ಅದಕ್ಕೆ ಯೂನಿಕೋಡ್ ಸಂಖ್ಯೆ ಬೇಕು. ಮೋಡಿಗೆ ಆ ಸಂಖ್ಯೆ ಸಿಕ್ಕಿದ್ದು 2014ರಲ್ಲಿ. ನಂದಿನಾಗರಿ ಅನ್ನುವ ಇನ್ನೊಂದು ಹಳೆಯ ಲಿಪಿಗೆ 2019ರಲ್ಲಿ. ತಿಗಳಾರಿಗೆ, ತುಳು-ತಿಗಳಾರಿ ಅನ್ನುವ ಹೆಸರಿನಲ್ಲಿ, 2024ರ ಸೆಪ್ಟೆಂಬರಿನಲ್ಲಿ. ಅಂದರೆ ಮೊನ್ನೆ ಮೊನ್ನೆಯ ತನಕ ಈ ಓಲೆಯನ್ನು ಇದ್ದ ಲಿಪಿಯಲ್ಲೇ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಹಾಗೆ ಟೈಪ್ ಮಾಡಲಿಕ್ಕೇ ದಾರಿ ಇರಲಿಲ್ಲ. ಸರಿಯಾದ ಓದು ಕೊಡಬೇಕಾದವರು ಮನುಷ್ಯರು. ಆ ಮನುಷ್ಯರೇ ಕಮ್ಮಿ ಇರುವಾಗ ಯಂತ್ರ ಯಾರ ಹತ್ತಿರ ಪಾಠ ಹೇಳಿಸಿಕೊಳ್ಳಬೇಕು?

ಲಿಪಿ ಗೊತ್ತಾದರೆ ಮುಗೀತು ಅಂತಲೂ ಇಲ್ಲ. ಮಲೆನಾಡಿನ ಕತೆ ಮಲೆನಾಡಿನವರು ಓದುವ ಭಾಷೆಯಲ್ಲಿ ಮಾತ್ರ ಇಲ್ಲ ಅನ್ನುವುದು ಇನ್ನೂ ದೊಡ್ಡ ತೊಡಕು.

ಎಲ್ಲರಿಗೂ ಗೊತ್ತಿರುವ ಒಂದು ಪ್ರಸಂಗ ತಗೊಳ್ಳೋಣ. ಕೆಳದಿಯ ರಾಣಿ ಚೆನ್ನಮ್ಮಾಜಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದು. 1689ರಲ್ಲಿ ಔರಂಗಜೇಬ ಸಂಭಾಜಿಯನ್ನು ಹಿಡಿದು ಕೊಲ್ಲಿಸಿದ. ತಮ್ಮ ರಾಜಾರಾಮ ತಪ್ಪಿಸಿಕೊಂಡು ದಕ್ಷಿಣದ ಜಿಂಜಿ ಕೋಟೆಯ ಕಡೆ ಹೊರಟ. ದಾರಿಯಲ್ಲಿ ಕೆಳದಿ ಸೀಮೆ. ಮೊಘಲರ ಸಿಟ್ಟು ಮೈಮೇಲೆ ಬರುತ್ತದೆ ಎಂದು ಗೊತ್ತಿದ್ದೂ ರಾಣಿ ಅವನಿಗೆ ದಾರಿ ಮಾಡಿಕೊಟ್ಟಳು. ಶಾಲೆಯಲ್ಲಿ ನಾಟಕ ಆಡಿಸುವಾಗ ಇದರ ಮುಂದಿನ ದೃಶ್ಯ ಯುದ್ಧ. ಮೊಘಲ್ ಸೈನ್ಯ ಮಲೆನಾಡಿನ ಕಾಡು, ಮಳೆಯಲ್ಲಿ ಸಿಕ್ಕಿ ಸೋತು ಓಡುತ್ತದೆ. ನಾನೂ ಒಮ್ಮೆ ಓಡಿದ್ದೇನೆ, ಮೊಘಲ್ ಸೈನಿಕನಾಗಿ, ಕೊಡೆ ಕಡ್ಡಿಯ ಕತ್ತಿ ಹಿಡಿದು.

ನಾಟಕದ ಮೂಲ ಲಿಂಗಣ್ಣ ಕವಿಯ 'ಕೆಳದಿ ನೃಪವಿಜಯ'. ಹದಿನೆಂಟನೇ ಶತಮಾನದ ಚಂಪೂ ಕಾವ್ಯ. ಕೆಳದಿ ಅರಸರ ಕತೆ ಹೇಳುವವರೆಲ್ಲ ಮೊದಲು ಹಿಡಿಯುವ ಪುಸ್ತಕ. ಲಿಂಗಣ್ಣ ಅರಮನೆಯ ಕಡೆಯ ಕವಿ. ತನ್ನ ಒಡೆಯರ ಗೆಲುವನ್ನು ಅವನು ಗೆಲುವು ಎಂದೇ ಹೇಳುತ್ತಾನೆ.

ಇದೇ ಪ್ರಸಂಗ ಪಾರ್ಸಿಯಲ್ಲೂ ಇದೆ. ಸಾಕಿ ಮುಸ್ತೈದ್ ಖಾನ್ 1710ರ ಹೊತ್ತಿಗೆ ಬರೆದು ಮುಗಿಸಿದ 'ಮಆಸಿರ್-ಇ-ಆಲಂಗೀರಿ' ಔರಂಗಜೇಬನ ಆಳ್ವಿಕೆಯ ಕತೆ. ಇಂಥ ಮೊಘಲ್ ಮೂಲಗಳನ್ನು ಇಟ್ಟುಕೊಂಡೇ ಜದುನಾಥ ಸರ್ಕಾರ್ ಔರಂಗಜೇಬನ ಚರಿತ್ರೆ ಬರೆದದ್ದು. ಅಲ್ಲಿ ಕತೆ ಬೇರೆ ಥರ. ರಾಜಾರಾಮನನ್ನು ತಪ್ಪಿಸಿಕೊಂಡು ಹೋಗಲು ಬಿಟ್ಟ ರಾಣಿಯನ್ನು ದಂಡಿಸಲು ಜಾನ್ ನಿಸಾರ್ ಖಾನ್ ಮೊದಲಾದವರನ್ನು ಕಳಿಸಿದರು, ಮರಾಠರ ಸಂತಾಜಿ ಘೋರ್ಪಡೆ ಅಡ್ಡ ಬಂದ, ಕೊನೆಗೆ ರಾಣಿ ಒಂದಿಷ್ಟು ಹಣ ಕೊಟ್ಟು ವಿಷಯ ಬಗೆಹರಿಯಿತು. ಅವರ ಲೆಕ್ಕದಲ್ಲಿ ಅದು ದಂಡ ವಸೂಲಿ. ಇನ್ನು ಜಿಂಜಿಗೆ ಹೋದ ಆ ಪ್ರಯಾಣವನ್ನು ಕೇಶವ ಪಂಡಿತ ಆಗಲೇ ಸಂಸ್ಕೃತ ಕಾವ್ಯ ಮಾಡಿದ. ಅವನ ಕಣ್ಣೆಲ್ಲ ರಾಜಾರಾಮನ ಮೇಲೆ.

ಹಾಗಾದರೆ ಗೆದ್ದವರು ಯಾರು? ಪ್ರಶ್ನೆಯೇ ಸ್ವಲ್ಪ ಅಡ್ಡಾದಿಡ್ಡಿ ಅಂತ ನನಗನಿಸುತ್ತದೆ. ರಾಜಾರಾಮ ಜಿಂಜಿ ಸೇರಿದ. ಕೆಳದಿ ಉಳಿಯಿತು. ಮೊಘಲ್ ಸೈನ್ಯ ಹಿಂದೆ ಹೋಯಿತು. ಹಣವೂ ಕೈ ಬದಲಾಯಿಸಿರಬಹುದು. ಬೆಟ್ಟದ ಮೇಲಿನ ಸಣ್ಣ ಸಂಸ್ಥಾನವೊಂದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಯಾವುದು? ಕನ್ನಡ ಒಂದನ್ನೇ ಓದಿದರೆ ರಾಣಿಯ ಧೈರ್ಯ ಕಾಣುತ್ತದೆ. ಪಾರ್ಸಿ ಒಂದನ್ನೇ ಓದಿದರೆ ಅವಳು ದಂಡ ಕಟ್ಟಿದ ಪಾಳೆಯಗಾರ್ತಿ. ಎರಡನ್ನೂ ಪಕ್ಕದಲ್ಲಿಟ್ಟರೆ ಮಾತ್ರ ಅವಳ ತಲೆ ಕಾಣುತ್ತದೆ. ಎಲ್ಲಿ ಬಗ್ಗಬೇಕು, ಎಲ್ಲಿ ಬಗ್ಗಬಾರದು ಎಂದು ಗೊತ್ತಿದ್ದವಳು. ನನಗೆ ಈ ಚೆನ್ನಮ್ಮಾಜಿ ನಾಟಕದ ಚೆನ್ನಮ್ಮಾಜಿಗಿಂತ ಹೆಚ್ಚು ಇಷ್ಟ. ಈ ಮಾತನ್ನು ಊರಿನ ಸಭೆಯೊಂದರಲ್ಲಿ ಹೇಳಿ ಒಳ್ಳೆಯ ಬೈಗುಳವನ್ನೂ ತಿಂದಿದ್ದೇನೆ.

ಈಗ ವಿಲ್ಕ್ಸ್ ಮಾತಿಗೆ ಬರೋಣ. 1763ರಲ್ಲಿ ಹೈದರ್ ಬಿದನೂರನ್ನು, ಅಂದರೆ ಈಗ ನಗರ ಎಂದು ಕರೆಯುವ ಊರನ್ನು ಹಿಡಿದ. ಕೆಳದಿಯ ಕೊನೆಯ ರಾಣಿ ವೀರಮ್ಮಾಜಿ. ಅವಳ ಶೀಲದ ಬಗ್ಗೆ ಅರಮನೆಯ ಪಿಸುಮಾತನ್ನೆಲ್ಲ ವಿಲ್ಕ್ಸ್ ಚರಿತ್ರೆ ಎಂದು ಬರೆದಿಟ್ಟ. ಹೈದರನಿಗೆ ಸಿಕ್ಕ ಕೊಳ್ಳೆ ಒಂದು ಕೋಟಿ ಇಪ್ಪತ್ತು ಲಕ್ಷ ಪೌಂಡು ಎಂದೂ ಬರೆದ. ಬರೆದದ್ದು ಯಾವಾಗ? ಟಿಪ್ಪು ಸತ್ತು, ಮೈಸೂರು ಇಂಗ್ಲಿಷರ ಹಿಡಿತಕ್ಕೆ ಬಂದ ಮೇಲೆ. ಗೆದ್ದ ಕಂಪನಿಯ ಅಧಿಕಾರಿಗೆ ಹಳೆಯ ಅರಸರೆಲ್ಲ ಕೆಟ್ಟವರಾಗಿ ಕಂಡರೆ ಅನುಕೂಲವೇ. ಆಮೇಲೆ ಬಂದವರು ಒಬ್ಬರ ನಂತರ ಒಬ್ಬರು ಅದನ್ನೇ ನಕಲು ಮಾಡಿದರು. ಇಂಟರ್ನೆಟ್ಟಿನಲ್ಲಿ ಇಂಗ್ಲಿಷ್ ಜಾಸ್ತಿ. ಎಐ ಓದಿ ಬೆಳೆದದ್ದೂ ಅದನ್ನೇ. ವೀರಮ್ಮಾಜಿ ಬಗ್ಗೆ ಕೇಳಿ ನೋಡಿ, ಇನ್ನೂರು ವರ್ಷದ ಹಿಂದಿನ ರೆಸಿಡೆಂಟನ ದನಿ ಹೊಸ ಕನ್ನಡದಲ್ಲಿ ಕೇಳಿಸಿದರೆ ಆಶ್ಚರ್ಯ ಪಡಬೇಡಿ. ಕಡತವನ್ನು ಅಳೆದು ಬರೆದ ಕೈಯೇ ಇದನ್ನೂ ಬರೆದದ್ದು ಅನ್ನುವುದನ್ನು ಮರೆಯಬಾರದು. ಒಬ್ಬ ಬರಹಗಾರನನ್ನು ಪೂರ್ತಿ ನಂಬುವುದೂ ಪೂರ್ತಿ ಬಿಡುವುದೂ ಎರಡೂ ಸೋಮಾರಿತನ.

ಹೊರಗಿನವರು ಬರೆದದ್ದೆಲ್ಲ ಹೀಗೇ ಅಂತಲ್ಲ. 1623ರ ನವೆಂಬರಿನಲ್ಲಿ ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆಗ ಕೆಳದಿ ಅರಸರ ರಾಜಧಾನಿಯಾಗಿದ್ದ ಇಕ್ಕೇರಿಗೆ ಬಂದ. ಗೋವೆಯ ಪೋರ್ಚುಗೀಸರು ಅಲ್ಲಿನ ಅರಸ ವೆಂಕಟಪ್ಪ ನಾಯಕನ ಹತ್ತಿರ ಕಳಿಸಿದ ರಾಯಭಾರಿಯ ಜೊತೆ ಬಂದವನು. ಇವನೇನು ದೊಡ್ಡ ರಾಜನಲ್ಲ, ಸಣ್ಣ ಅರಸ ಎಂದು ಮೂಗು ಮುರಿದ. ಆದರೆ ಕಣ್ಣು ಚುರುಕು. ದಾರಿಯಲ್ಲಿ ದೇವಸ್ಥಾನದ ಜಗುಲಿಯ ಮೇಲೆ ನಾಲ್ಕು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಅಂಕಿ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ನಿಂತು ನೋಡಿದ. ತುಂಬಿದರೆ ಅಳಿಸಿ ಮತ್ತೆ ಮರಳು. ಕಾಗದ ಇಲ್ಲ, ಖರ್ಚಿಲ್ಲ. ನಮ್ಮ ಯಾವ ಆಸ್ಥಾನ ಕವಿಗೆ ಇದು ಬರೆಯುವ ವಿಷಯ ಅನಿಸೀತು? ನಿತ್ಯ ನೋಡುವುದನ್ನು ಯಾರೂ ಬರೆಯುವುದಿಲ್ಲ.

ಇಕ್ಕೇರಿಯಲ್ಲೇ ಅವನಿಗೆ ಒಬ್ಬ ಹೆಂಗಸು ಸಿಕ್ಕಳು. ತೆಲುಗರವಳು. ಗಂಡ ಡೋಲು ಬಾರಿಸುವವನು, ಸತ್ತಿದ್ದ. ಅವಳು ಸಹಗಮನಕ್ಕೆ ಹೊರಟಿದ್ದಳು. ದೆಲ್ಲಾ ವಾಲ್ಲೆ ಅವಳ ಮನೆಗೆ ಹೋಗಿ, ದುಭಾಷಿಯ ಮೂಲಕ ಮಾತಾಡಿ, ಬೇಡ ಎಂದು ತಡೆಯಲು ನೋಡಿದ. ಆಗಲಿಲ್ಲ. ಅವಳ ಹೆಸರನ್ನು ಇಟಾಲಿಯನ್ ಅಕ್ಷರದಲ್ಲಿ ಬರೆದಿಟ್ಟ. ಅದನ್ನು ಇಂಗ್ಲಿಷಿನ ಹಾಗೆ ಓದಿದರೆ 'ಗಿಯಾಕ್ಕಮಾ' ಆಗುತ್ತದೆ. ಅಂಥ ಹೆಸರು ನಮ್ಮಲ್ಲಿ ಎಲ್ಲಿದೆ? ಇಟಾಲಿಯನ್ನಿನಲ್ಲಿ ಆ ಮೊದಲ ಮೂರು ಅಕ್ಷರ ಸೇರಿದರೆ 'ಜಾ' ಎಂದು ಓದಬೇಕು. ಹಾಗೆ ಓದಿದ ಕೂಡಲೇ ಅವಳು ಜಕ್ಕಮ್ಮ. ನಮ್ಮ ಕಡೆ ಕಿವಿಗೆ ಪರಿಚಯದ ಹೆಸರು. ಇಟಾಲಿಯನ್ ಬಲ್ಲವರಿಗೆ ಈ ಹೆಸರು ಗೊತ್ತಿಲ್ಲ, ಈ ಹೆಸರು ಗೊತ್ತಿದ್ದ ನಮಗೆ ಇಟಾಲಿಯನ್ ಬಾರದು. ಇಬ್ಬರೂ ಒಂದೇ ಮೇಜಿನಲ್ಲಿ ಕೂರಬೇಕು. ಇಲ್ಲದಿದ್ದರೆ ಜಕ್ಕಮ್ಮ ಗಿಯಾಕ್ಕಮಾ ಆಗಿಯೇ ಇರುತ್ತಾಳೆ.

ಹೀಗೆ ಹಲವು ಕಡೆಯ ಓದನ್ನು ಒಂದೇ ಸೂರಿನಡಿ ತರುವುದು ಈ ಜಿಲ್ಲೆಗೆ ಹೊಸದೇನಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠದ 1162ರ ಶಾಸನ ಇದೆ. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳ ಪಾಠ, ನಾಲ್ಕು ವೇದ, ಆರು ದರ್ಶನ, ಹದಿನೆಂಟು ಪುರಾಣ, ಕಾವ್ಯ ನಾಟಕ ಎಲ್ಲ ಅಲ್ಲಿ ನಡೆಯುತ್ತಿತ್ತು ಎಂದು ಹೇಳುತ್ತದೆ. ಅದು ಶೈವ ಮಠ, ಶಾಕಟಾಯನನ ವ್ಯಾಕರಣ ಜೈನರದ್ದು. ಕುಂಟರು, ಕುರುಡರು, ಹಾಡುವವರು, ಕುಣಿಯುವವರು, ಜೈನ ಸನ್ಯಾಸಿಗಳು, ಎಲ್ಲರಿಗೂ ಊಟ. ರೋಗಿಗಳಿಗೆ ಮದ್ದು. ಈ ಶಾಸನವನ್ನೆಲ್ಲ ಬಿ.ಎಲ್. ರೈಸ್ ಅಚ್ಚು ಹಾಕಿಸಿದ. ಶಿವಮೊಗ್ಗ ಜಿಲ್ಲೆಯ ಎರಡು ಸಂಪುಟ 1902 ಮತ್ತು 1904ರಲ್ಲಿ ಬಂದವು. ಮುಖಪುಟದಲ್ಲಿ ರೈಸ್ ಹೆಸರು. ಕಲ್ಲಿನ ಮುಂದೆ ಕೂತು, ಪಾಚಿ ಕೆರೆದು, ಅಕ್ಷರ ಬಿಡಿಸಿದ್ದರಲ್ಲಿ ಇಲ್ಲಿನ ಪಂಡಿತರ ಪಾಲು ದೊಡ್ಡದು.

ನಮ್ಮ ಹಾಳೆಗಳ ಕತೆ ಏನಾಯಿತು ಅಂದರೆ, ಕಣ್ಣು ಚೆನ್ನಾಗಿದ್ದ ಹಿರಿಯರ ಮನೆಗೆ ತಗೊಂಡು ಹೋದೆ. ಮೊದಲ ಹಾಳೆಯ ನೆತ್ತಿಯಲ್ಲೇ "ವಿಕೃತಿ ಸಂವತ್ಸರ" ಎಂದಿತ್ತು. ನನ್ನ ಎದೆ ಹೊಡೆದುಕೊಂಡಿತು. 1830 ವಿಕೃತಿ ಸಂವತ್ಸರ. ಅದು ನಗರ ಬಂಡಾಯದ ವರ್ಷ. ಕಂದಾಯ ಕಟ್ಟುವುದಿಲ್ಲ ಎಂದು ರೈತರು ಕೂಟ ಕಟ್ಟಿದ್ದು, ಬೂದಿ ಬಸವಪ್ಪ ನಾನೇ ನಗರದ ಅರಸ ಎಂದು ಎದ್ದದ್ದು, ಮರು ವರ್ಷ ಇಂಗ್ಲಿಷರು ಮೈಸೂರಿನ ಆಡಳಿತವನ್ನೇ ಕೈಗೆ ತಗೊಂಡದ್ದು. ನಮ್ಮ ಪೂರ್ವಿಕನೊಬ್ಬ ಕೂಟದಲ್ಲಿ ಇದ್ದ ಅಂತ ಮನೆಯಲ್ಲಿ ಒಂದು ಮಾತೂ ಇದೆ.

ಹಿರಿಯರು ನಕ್ಕರು. "ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬತ್ತದೆ ಮಾರಾಯ. ವಿಕೃತಿ 1770ರಲ್ಲೂ ಉಂಟು, 1890ರಲ್ಲೂ ಉಂಟು. ಶಕ ಬರ್ದಿದಾನಾ ನೋಡು." ಶಕ ಬರೆದಿರಲಿಲ್ಲ. ಕೆಳಗೆ ಬೆರಳಿಟ್ಟು ನಿಧಾನ ಓದಿದರು. ಅಡಿಕೆ ಇಷ್ಟು ಮಣ, ಮುಂಗಡ ಇಷ್ಟು ರೂಪಾಯಿ, ಇಷ್ಟು ಆಣೆ, ಇಷ್ಟು ಪೈ. 1830ರಲ್ಲಿ ಮೈಸೂರಿನ ಲೆಕ್ಕ ನಡೆಯುತ್ತಿದ್ದದ್ದು ಕಂಠೀರಾಯ ವರಹದಲ್ಲಿ. ರೂಪಾಯಿ ಲೆಕ್ಕ ಬಂದದ್ದು ಕಮಿಷನರ್ ಕಾಲದಲ್ಲಿ. ಕಾಗದ ನೋಡಿದರೆ ಛಾಪಾ ಕಾಗದ. "1890. ಬಂಡಾಯ ಗಿಂಡಾಯ ಎಂತದ್ದೂ ಇಲ್ಲ. ನಿಮ್ಮಜ್ಜನ ಅಪ್ಪ ಅಡಿಕೆ ಮಂಡಿ ಸಾಹುಕಾರನ ಹತ್ರ ಸಾಲ ಮಾಡಿದಾನೆ" ಅಂದರು.

ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಈ ಓದಿನಲ್ಲಿ ಎಷ್ಟು ತಿಳಿವಳಿಕೆ ಸೇರಿದೆ ನೋಡಿ. ಲಿಪಿ ಬೇಕು, ಪಂಚಾಂಗ ಬೇಕು, ನಾಣ್ಯದ ಇತಿಹಾಸ ಬೇಕು, ಕಾಗದ ಬೇಕು. ಇಷ್ಟರ ಮೇಲೆ, ಓದುವವನಿಗೆ ತನಗೆ ಬೇಕಾದದ್ದನ್ನು ಓದಿಕೊಳ್ಳದ ಗಟ್ಟಿತನ ಬೇಕು. ನನಗೆ 1830 ಬೇಕಾಗಿತ್ತು. ತಂಗಿ ಮಗನ ಫೋನು ನಮಗೆ ಬೇಕಾಗಿದ್ದ ಶಿವಪ್ಪ ನಾಯಕನನ್ನೇ ಕೊಟ್ಟಿತು. ಹಿರಿಯರು ಕೊಟ್ಟದ್ದು ಸಾಲದ ಪತ್ರ.

ಇನ್ನೊಂದು ತೊಡಕಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಟ್ಟು ಕೊಡಿ ಸ್ಕ್ಯಾನ್ ಮಾಡ್ತೇವೆ ಅಂದರೆ ಮಲೆನಾಡಿನ ಮನೆಗಳವರು ಹಿಂದೆ ಸರಿಯುತ್ತಾರೆ. ಅವರಿಗೆ ಇದು ಸಾಹಿತ್ಯ ಅಲ್ಲ, ಜಮೀನಿನ ಕಾಗದ. ತೋಟದ ಗಡಿ, ಸೊಪ್ಪಿನ ಬೆಟ್ಟದ ಹಕ್ಕು, ಅಣ್ಣತಮ್ಮಂದಿರ ಪಾಲು, ಎಲ್ಲ ಅದರಲ್ಲಿ ಇರಬಹುದು ಅನ್ನುವ ಹೆದರಿಕೆ ಅಥವಾ ಆಸೆ. ಶಿವಪ್ಪ ನಾಯಕನ ಶಿಸ್ತು, ಅಂದರೆ ಅವನ ಕಂದಾಯದ ಕ್ರಮ, ಅಂತ ಈಗಲೂ ಹೇಳುತ್ತೇವೆ. ಗದ್ದೆಗೆ ಬಿತ್ತುವ ಬೀಜದ ಲೆಕ್ಕ, ತೋಟಕ್ಕೆ ಅಡಿಕೆ ಮರದ ಲೆಕ್ಕ ಇಟ್ಟು ಕಂದಾಯ ಕಟ್ಟಿದ ಸೀಮೆ ಇದು. ಕಾಗದದ ಬೆಲೆ ಇಲ್ಲಿ ಎಲ್ಲರಿಗೂ ಗೊತ್ತು. ಓದಲು ಬಾರದಿದ್ದರೂ ಬಿಡುವುದಿಲ್ಲ. ಸ್ಕ್ಯಾನ್ ಮಾಡಲು ಬರುವವರು ಒಂದು ಮಾತು ನೆನಪಿಡಬೇಕು. ಫೋಟೋ ತೆಗೆದುಕೊಂಡು ಹೋದರೆ ಆ ಮನೆಗೆ ಏನೂ ಸಿಗುವುದಿಲ್ಲ. ಇದರಲ್ಲಿ ಹೀಗಿದೆ ಎಂದು ಒಂದು ಪುಟ ಕನ್ನಡದಲ್ಲಿ ಬರೆದುಕೊಟ್ಟರೆ ಮುಂದಿನ ಮನೆಯ ಬಾಗಿಲು ತಾನಾಗಿ ತೆರೆಯುತ್ತದೆ.

ಕಟ್ಟು ಸಿಕ್ಕವರಿಗೆ ಹೇಳಬೇಕಾದ್ದೂ ಒಂದಿದೆ. ಒರೆಸಬೇಡಿ. ಬಿಡಿ ಬಿಡಿ ಮಾಡಬೇಡಿ. ಸುತ್ತಿದ ವಸ್ತ್ರ, ಯಾವ ಹಾಳೆಯ ಜೊತೆ ಯಾವುದಿತ್ತು ಅನ್ನುವುದು, ಎರಡೂ ಸಾಕ್ಷಿ. ಓಲೆಗೂ ಕಡತಕ್ಕೂ ಮದ್ದು ಬೇರೆ ಬೇರೆ. ಕಡತಕ್ಕೆ ನೀರು ತಾಗಿದರೆ ಮುಗೀತು. ಓಲೆಯಲ್ಲಿ ಅಕ್ಷರ ಕಂಠ ಅನ್ನುವ ಲೋಹದ ಮೊನೆಯಿಂದ ಕೊರೆದದ್ದು, ಶಾಯಿ ಹೋದರೂ ಗೀರು ಇರುತ್ತದೆ.

ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ನೂರಾರು ತಿಗಳಾರಿ ಓಲೆಕಟ್ಟುಗಳಿವೆ. ಈಗ ಅದು ಕುವೆಂಪು ವಿಶ್ವವಿದ್ಯಾಲಯದ ಕೈಯಲ್ಲಿದೆ. ಶಂಕರಘಟ್ಟದಲ್ಲಿ ವಿಶ್ವವಿದ್ಯಾಲಯ, ಕೆಳದಿಯಲ್ಲಿ ಓಲೆ, ಸುತ್ತ ಹಳ್ಳಿಗಳ ಅಟ್ಟದಲ್ಲಿ ಕಟ್ಟು. ಲಿಪಿ ಕಲಿಸುವ ಕಾರ್ಯಾಗಾರಗಳೂ ಆಗಾಗ ನಡೆಯುತ್ತವೆ. ಎರಡು ಮೂರು ವಾರ. ಅಷ್ಟರಲ್ಲಿ ಅಕ್ಷರಮಾಲೆ ಬರುತ್ತದೆ, ಸರ್ಟಿಫಿಕೇಟೂ ಬರುತ್ತದೆ, ಓದು ಬರುವುದಿಲ್ಲ. ಓದು ಬರಲಿಕ್ಕೆ ಒಂದೆರಡು ವರ್ಷ ದಿನಾ ಹಾಳೆ ಮುಂದೆ ಕೂರಬೇಕು. ಆ ಎರಡು ವರ್ಷ ಹುಡುಗ ಹುಡುಗಿಯರ ಊಟ, ಬಾಡಿಗೆ ಯಾರು ನೋಡುತ್ತಾರೆ? ಕೋಟಿ ಹಸ್ತಪ್ರತಿಯ ಯೋಜನೆಯಲ್ಲಿ ನನಗೆ ಬೇಕಾದ ಸಾಲು ಇದೊಂದೇ. ಸ್ಕ್ಯಾನರ್‌ಗೆ ಇಟ್ಟ ದುಡ್ಡಿನ ಪಕ್ಕದಲ್ಲಿ, ಜಿಲ್ಲೆಗೆ ಹತ್ತು ಮಂದಿ ಓದುಗರಿಗೆ ತಿಂಗಳ ಸಂಬಳ. ಅವರು ಓದಿ ಕೊಟ್ಟದ್ದನ್ನೇ ಆಮೇಲೆ ಯಂತ್ರವೂ ಕಲಿಯಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ ಅಲ್ಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಅಕ್ಷರ ಅಕ್ಷರವಾಗಿ ಬಿಡಿಸಿ ಇಟ್ಟಿದೆ. ಅಲ್ಲೂ ಮೊದಲು ಓದಿದವರು ಮನುಷ್ಯರೇ.

ದಸರಾ ರಜೆಯಲ್ಲಿ ಲಿಪಿ ಕಲಿಯುತ್ತಿರುವ ಒಬ್ಬಳು ವಿದ್ಯಾರ್ಥಿನಿ ನಮ್ಮ ಮನೆಗೆ ಬಂದಳು. ಓಲೆಗರಿಯಲ್ಲಿ ಗೀರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ದೀಪದ ಕಪ್ಪಿಗೆ ಮಜ್ಜಿಗೆಹುಲ್ಲಿನ ಎಣ್ಣೆ ನಾಲ್ಕು ಹನಿ ಕಲಸಿ, ಹತ್ತಿಯಲ್ಲಿ ಅದ್ದಿ, ಓಲೆಯ ಮೇಲೆ ಮೆಲ್ಲಗೆ ಸವರಿದಳು. ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿದಳು. ಮೇಲಿನ ಕಪ್ಪು ಹೋಯಿತು, ಗೀರಿನೊಳಗಿನದು ಉಳಿಯಿತು. ಸಾಲು ಸಾಲಾಗಿ ಅಕ್ಷರ ಎದ್ದು ಬಂದವು. ದೊಡ್ಡಪ್ಪ ಈ ಸಲ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. "ಒರೆಸಿದ್ರೂ ಹೋಗ್ಲಿಲ್ವಲ್ಲೇ" ಅಂದರು.

ಮೂರು ಗರಿ ಓದುವಷ್ಟರಲ್ಲಿ ಸಂಜೆಯಾಯಿತು. ಮದುವೆಯ ಪ್ರಯೋಗ, ಹೋಮಕ್ಕೆ ಏನೇನು ಬೇಕು ಅನ್ನುವ ಪಟ್ಟಿ. ನಾಲ್ಕನೇ ಗರಿಯ ಅಂಚಿನಲ್ಲಿ ಮಾತ್ರ ಬೇರೆ ಕೈಯ ಕನ್ನಡ ಅಕ್ಷರ, ಒಂದೂವರೆ ಸಾಲು. ಮೊದಲ ಪದ 'ಅಕ್ಕಿ'. ಎರಡನೆಯದರ ಮೇಲೆ ಹುಳ ತೂತು ಮಾಡಿದೆ. ಉಳಿದ ಗರಿಗಳಿಗೆ ಬೇಸಿಗೆ ರಜೆಯಲ್ಲಿ ಬರುತ್ತೇನೆ ಎಂದು ಹೇಳಿ ಆರೂಕಾಲರ ಬಸ್ಸು ಹಿಡಿದಳು.